ಇಪ್ಪತ್ತೆಂಟರಿಂದ ಹದಿನೈದಕ್ಕೆ: ಒಂದು ಮಳೆಗಾಲ, ನೂರ ನಲವತ್ತನಾಲ್ಕು ಸೈನಿಕರು

ನಾವು ನಾಲ್ಕು ಜನ. ನಾನು, ನನ್ನ ಅಕ್ಕನ ಮಗ, ಸರ್ವೆ ಕೆಲಸ ಮಾಡುವ ಒಬ್ಬ ಗೆಳೆಯ, ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವ ಮೇಷ್ಟ್ರು. ಫೆಬ್ರವರಿಯಲ್ಲಿ ಶಿವಮೊಗ್ಗದ ನಮ್ಮ ಮನೆಯ ಮಹಡಿಯಲ್ಲಿ, ಮೇಜಿನ ಮೇಲೆ ಆಡುವ ಯುದ್ಧದ ಆಟಕ್ಕೆ ಪುಟ್ಟ ಸೈನಿಕರನ್ನು ಸಿದ್ಧ ಮಾಡುವ ಕೆಲಸ ಶುರು ಮಾಡಿದೆವು. ಸೈನಿಕರಿಗೆ 28 ಮಿ.ಮೀ. ಅಳತೆ ಆರಿಸಿಕೊಂಡಿದ್ದೆವು. ಜುಲೈನಲ್ಲಿ ಅದನ್ನು ಕೈಬಿಟ್ಟೆವು. ನವೆಂಬರಿನಲ್ಲಿ 15 ಮಿ.ಮೀ. ಸೈನಿಕರನ್ನು ಇಟ್ಟುಕೊಂಡು ಸಾಗರದ ಒಂದು ಮನೆಯ ಜಗಲಿಯಲ್ಲಿ ಆಟ ಆಡಿದೆವು. ನಡುವೆ ಏನಾಯಿತು, ಯಾಕಾಯಿತು ಅನ್ನುವುದನ್ನು ಬಿಡಿಸಿ ಬರೆದಿಡಬೇಕು ಅನ್ನಿಸಿತು. ಮಲೆನಾಡಿನಲ್ಲಿ ಈ ಹವ್ಯಾಸಕ್ಕೆ ಕೈ ಹಾಕುವ ಬೇರೆಯವರಿಗೂ ಇದೇ ತೊಂದರೆಗಳು ಎದುರಾಗುತ್ತವೆ, ಅಲ್ವಾ?

ಆಟ ಯಾವುದು ಎಂದು ಮೊದಲು ಹೇಳುತ್ತೇನೆ. ಮೇಜಿನ ಮೇಲೆ ಬೆಟ್ಟ, ಕಾಡು, ದಾರಿ ಮಾಡಿ ಪುಟ್ಟ ಸೈನಿಕರನ್ನು ನಿಲ್ಲಿಸುತ್ತೇವೆ. ಅಳತೆಪಟ್ಟಿ ಹಿಡಿದು ಇಷ್ಟು ಇಂಚು ಎಂದು ನಡೆಸುತ್ತೇವೆ. ಗುಂಡು ತಾಗಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. ಇದು ವಾರ್‌ಗೇಮಿಂಗ್. ಸೈನಿಕರಿಗೆ ಬಣ್ಣ ಹಚ್ಚುವುದು ಆಟದ ಅರ್ಧ ಭಾಗ. ನನಗಂತೂ ಅದೇ ದೊಡ್ಡ ಅರ್ಧ. ಮನೆಯಲ್ಲಿ ಇವನ್ನೆಲ್ಲ ಗೊಂಬೆ ಎಂದೇ ಕರೆಯುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.

ನಮ್ಮ ಸೀಮೆಯದೇ ಒಂದು ಯುದ್ಧ ಆಡಬೇಕು ಅನ್ನುವುದು ಮೇಷ್ಟ್ರ ಆಸೆ. ಕೆಳದಿ ನಾಯಕರ ರಾಜಧಾನಿಯಾಗಿದ್ದ ಬಿದನೂರನ್ನು ಹೈದರಾಲಿ 1763ರಲ್ಲಿ ಗೆದ್ದು ಹೈದರನಗರ ಎಂದು ಕರೆದ. ಇವತ್ತು ಹೊಸನಗರ ತಾಲ್ಲೂಕಿನಲ್ಲಿರುವ ನಗರ ಅದೇ ಊರು. ಹೈದರ್ 1782ರ ಡಿಸೆಂಬರಿನಲ್ಲಿ ತೀರಿಕೊಂಡ. ಮರು ತಿಂಗಳೇ ಜನರಲ್ ಮ್ಯಾಥ್ಯೂಸ್ ಕಂಪನಿ ಸರ್ಕಾರದ ಬೊಂಬಾಯಿ ಸೈನ್ಯವನ್ನು ಕರಾವಳಿಯಿಂದ ಹೊಸಂಗಡಿ ಘಾಟಿ ಹತ್ತಿಸಿ ಬಿದನೂರಿಗೆ ತಂದ. ಊರು ಶರಣಾಯಿತು. ಅದೇ ಬೇಸಿಗೆಯಲ್ಲಿ ಟಿಪ್ಪು ಬಂದು ಮುತ್ತಿಗೆ ಹಾಕಿ ಅದನ್ನು ವಾಪಸ್ ತೆಗೆದುಕೊಂಡ. ನಮಗೆ ಬೇಕಿದ್ದದ್ದು ಆ ಘಾಟಿ ಹತ್ತುವ ಭಾಗ. ಕಿರುದಾರಿ, ಎರಡೂ ಕಡೆ ಕಾಡು, ಮೇಲೆ ಕಾದು ಕೂತ ಮೈಸೂರಿನ ಸಿಪಾಯಿಗಳು, ಕೆಳಗಿನಿಂದ ಏರುವ ಕೆಂಪು ಕೋಟಿನವರು. ಒಟ್ಟು 144 ಗೊಂಬೆ ಬೇಕು ಎಂದು ಲೆಕ್ಕ ಹಾಕಿದೆವು.

ಇಪ್ಪತ್ತೆಂಟು ಯಾಕೆ

ಅಳತೆ ಆರಿಸುವಾಗ ನಾವು ಹೆಚ್ಚು ಯೋಚಿಸಲಿಲ್ಲ. ಎಲ್ಲರೂ ತೋರಿಸುವ ಚೆಂದದ ಫೋಟೊಗಳೆಲ್ಲ 28 ಮಿ.ಮೀ. ಗೊಂಬೆಗಳದ್ದು. ಹುಡುಗ ಹೇಳಿದ:

"ಮಾವ, ಇಪ್ಪತ್ತೆಂಟು ಅಂದ್ರೆ ಮೀಸೆ ಕೂಡ ಬಿಡಿಸಬಹುದು."

ನನಗೂ ಮೀಸೆ ಬಿಡಿಸುವ ಆಸೆ ಇತ್ತು. ಆಯಿತು ಅಂದೆ.

28 ಮಿ.ಮೀ. ಅಂದರೆ ಗೊಂಬೆಯ ಪೂರ್ತಿ ಎತ್ತರ ಎಂದು ತಿಳಿಯಬಾರದು. ಸಾಮಾನ್ಯವಾಗಿ ಪಾದದಿಂದ ಕಣ್ಣಿನವರೆಗಿನ ಅಳತೆ ಅದು. ಪೇಟ, ಟೊಪ್ಪಿ, ಶಿರಸ್ತ್ರಾಣ ಹಾಕಿದವರ ನೆತ್ತಿ ಎಲ್ಲಿದೆ ಎಂದು ಹೇಳುವುದು ಕಷ್ಟ, ಅದಕ್ಕೇ ಕಣ್ಣು. ಆದರೆ ಕೆಲವರು ನೆತ್ತಿವರೆಗೂ ಅಳೆಯುತ್ತಾರೆ. ನಾವು ಎರಡು ಕಡೆಯಿಂದ ಗೊಂಬೆ ತರಿಸಿದ್ದೆವು. ಎರಡರ ಮೇಲೂ 28 ಎಂದೇ ಬರೆದಿತ್ತು. ಪಕ್ಕಪಕ್ಕ ನಿಲ್ಲಿಸಿದಾಗ 2 ಮಿ.ಮೀ. ವ್ಯತ್ಯಾಸ. ಕೇಳಲು ಏನೂ ಅಲ್ಲ. ಆದರೆ ಈ ಅಳತೆ ಹೆಚ್ಚುಕಡಿಮೆ ನಿಜ ಮನುಷ್ಯನ ಐವತ್ತಾರನೇ ಒಂದು ಪಾಲು. ಹಾಗಾಗಿ 2 ಮಿ.ಮೀ. ಅಂದರೆ ನಿಜದಲ್ಲಿ 11 ಸೆಂ.ಮೀ., ಅರ್ಧ ಗೇಣು. ಒಂದೇ ಸಾಲಿನ ಸಿಪಾಯಿಗಳಲ್ಲಿ ಅರ್ಧದಷ್ಟು ಜನ ಅಣ್ಣಂದಿರ ಹಾಗೆ, ಅರ್ಧ ತಮ್ಮಂದಿರ ಹಾಗೆ ಕಂಡರು. ಕೊನೆಗೆ ಒಂದು ಕಡೆಯವರನ್ನು ಮೈಸೂರಿಗೆ, ಇನ್ನೊಂದು ಕಡೆಯವರನ್ನು ಕಂಪನಿಗೆ ಹಂಚಿದೆವು.

ಅಡಿಯ ಬಿಲ್ಲೆಗಳು ಎಂಡಿಎಫ್ ಹಲಗೆಯವು. ಗೊಂಬೆಗಳು ರೆಸಿನ್. ಬೆಳಕು ಬಿದ್ದರೆ ಗಟ್ಟಿಯಾಗುವ ದ್ರವವನ್ನು ಪದರ ಪದರವಾಗಿ ಗಟ್ಟಿ ಮಾಡುತ್ತಾ 3ಡಿ ಪ್ರಿಂಟರ್ ಮಾಡಿದ ಗೊಂಬೆಗಳು. ಒಂದೊಂದು ಪದರ 0.05 ಮಿ.ಮೀ. ಅಷ್ಟು ತೆಳು. ಗುಂಡಿ, ಬಕಲು, ಬೆರಳು, ಎಲ್ಲ ಇದ್ದವು. ನೋಡಿ ಕಣ್ಣು ತುಂಬಿತು, ಸುಳ್ಳು ಹೇಳುವುದಿಲ್ಲ.

ಮೊದಲು ಮುರಿದದ್ದು ಕತ್ತಿ. ನಿಜವಾದ ಕತ್ತಿಯ ಅಲಗು 4 ಮಿ.ಮೀ. ದಪ್ಪ ಎಂದಿಟ್ಟುಕೊಳ್ಳಿ. ಅದನ್ನು 56ರಿಂದ ಭಾಗಿಸಿದರೆ 0.07 ಮಿ.ಮೀ. ನಾವು ಬರೆಯುವ ಕಾಗದವೇ ಹತ್ತಿರ ಹತ್ತಿರ 0.1 ಮಿ.ಮೀ. ದಪ್ಪ ಇರುತ್ತದೆ. ಕಾಗದಕ್ಕಿಂತ ತೆಳುವಾದ ಕತ್ತಿಯನ್ನು ಯಾವ ವಸ್ತುವಿನಲ್ಲೂ ಆಟಕ್ಕೆ ಒಗ್ಗುವ ಹಾಗೆ ಮಾಡಲು ಆಗುವುದಿಲ್ಲ. ಅದಕ್ಕೇ ಹಳೆಯ ಶಿಲ್ಪಿಗಳು ಕತ್ತಿ, ಕೋವಿ, ಕೈ, ತಲೆ ಎಲ್ಲವನ್ನೂ ಬೇಕೆಂದೇ ದಪ್ಪ ಮಾಡುತ್ತಿದ್ದರು. ಹವ್ಯಾಸಿಗಳು ಇದನ್ನು ಹೀರೋಯಿಕ್ ಅಳತೆ ಅನ್ನುತ್ತಾರೆ. ಲೋಹ ಸುರಿಯುವಾಗ ತೆಳು ಜಾಗಕ್ಕೆ ಇಳಿಯುವುದಿಲ್ಲ, ಇಳಿದರೂ ಮುರಿಯುತ್ತದೆ. ಕಾರಣ ಅಷ್ಟೇ. ಆದರೆ ಆ ದಪ್ಪ ಕೈ, ದಪ್ಪ ತಲೆ ನೋಡಿ ನೋಡಿ ಜನ ಅದನ್ನೇ ಒಂದು ಶೈಲಿಯಾಗಿ ಇಷ್ಟಪಟ್ಟರು. ನಮ್ಮ ರೆಸಿನ್ ಗೊಂಬೆಗಳು ನಿಜ ಮನುಷ್ಯನ ಪ್ರಮಾಣಕ್ಕೆ ಹತ್ತಿರ ಇದ್ದವು. ನೋಡಲು ಚೆಂದ. ಮುಟ್ಟಿದರೆ ಟಿಕ್ ಎಂದು ಮುರಿಯುತ್ತಿದ್ದವು. ಮೇ ಹೊತ್ತಿಗೆ ಒಂಬತ್ತು ಕತ್ತಿ, ನಾಲ್ಕು ಬಯೊನೆಟ್ ಹೋಗಿದ್ದವು.

ಮೇಜು ಸಾಲಲಿಲ್ಲ

ಇದನ್ನು ಮೊದಲು ಹಿಡಿದವನು ಸರ್ವೆ ಗೆಳೆಯ. ನಮ್ಮ ಪ್ಲೈವುಡ್ ಹಲಗೆ 6 ಅಡಿ ಉದ್ದ, 4 ಅಡಿ ಅಗಲ. ಅವನು ಮೂಲೆಯಲ್ಲಿ ನಿಂತು ಲೆಕ್ಕ ಹಾಕಿದ. 6 ಅಡಿ ಅಂದರೆ 183 ಸೆಂ.ಮೀ. ಗೊಂಬೆಯ ಅಳತೆಯಲ್ಲೇ ನೋಡಿದರೆ ಈ ಮೇಜಿನ ಈ ತುದಿಯಿಂದ ಆ ತುದಿಗೆ ಬರೀ 102 ಮೀಟರ್. ಆ ಕಾಲದ ಕೋವಿಯ ಗುಂಡು ನೆಚ್ಚಿಕೊಳ್ಳುವ ಹಾಗೆ ತಾಗುತ್ತಿದ್ದ ದೂರವೇ ಸುಮಾರು ನೂರು ಗಜ. ಅಂದರೆ ನಮ್ಮ ಇಡೀ ಘಾಟಿ ಒಂದು ಕೋವಿಯ ಏಟಿಗೆ ಮುಗಿಯುತ್ತಿತ್ತು.

ಎತ್ತರದ ಕಥೆ ಇನ್ನೂ ಕಷ್ಟ. ಘಾಟಿ 600 ಮೀಟರ್ ಏರುತ್ತದೆ ಎಂದುಕೊಂಡರೂ ಆ ಅಳತೆಯಲ್ಲಿ ಬೆಟ್ಟ ಹತ್ತು ಮೀಟರಿಗಿಂತ ಎತ್ತರ ಆಗಬೇಕು. ನಮ್ಮ ಮನೆಯ ಮಾಡನ್ನೂ ದಾಟುತ್ತದೆ.

ದೊಡ್ಡ ಯುದ್ಧ ಆಡುವ ಬಹಳಷ್ಟು ನಿಯಮಗಳು ಇದಕ್ಕೆ ಒಂದು ದಾರಿ ಮಾಡಿಕೊಂಡಿವೆ. ಗೊಂಬೆಗೆ ಒಂದು ಅಳತೆ, ನೆಲಕ್ಕೆ ಇನ್ನೊಂದು. ನೆಲವನ್ನು ತುಂಬಾ ಕುಗ್ಗಿಸುತ್ತಾರೆ. ಒಂದು ಗೊಂಬೆ ಇಪ್ಪತ್ತೋ ಮೂವತ್ತೋ ಜನರ ಲೆಕ್ಕ. ಸರ್ವೆ ಗೆಳೆಯನಿಗೆ ಇದು ಹೊಸದಲ್ಲ. ಉಬ್ಬು ನಕ್ಷೆ ಮಾಡುವಾಗ ಎತ್ತರಕ್ಕೆ ಬೇರೆ ಅಳತೆ ಇಡುವುದು ಅವನಿಗೆ ಗೊತ್ತು. ಆದರೆ ಗೊಂಬೆ ದೊಡ್ಡದಾದಷ್ಟೂ ಈ ಎರಡು ಅಳತೆಗಳ ನಡುವಿನ ಬಿರುಕು ಕಣ್ಣಿಗೆ ರಾಚುತ್ತದೆ. ಮರದ ಪಕ್ಕ ನಿಲ್ಲಿಸಿದಾಗ ನಮಗೆ ಅದು ಗೊತ್ತಾಯಿತು. 15 ಮೀಟರ್ ಎತ್ತರದ ಅಡಿಕೆ ಮರ ಈ ಅಳತೆಯಲ್ಲಿ 27 ಸೆಂ.ಮೀ. ಆಗಬೇಕು. ನಾಲ್ಕು ಮರ ಮಾಡಿ ನಿಲ್ಲಿಸಿದೆವು. ನಿಜಕ್ಕೂ ತೋಟದ ಹಾಗೇ ಕಂಡಿತು. ಆದರೆ ಕೈ ಚಾಚಿದರೆ ಮರ ಬೀಳುತ್ತದೆ. ಬಿದ್ದ ಮರ ರೆಸಿನ್ ಕೈಗಳನ್ನು ಮುರಿಯುತ್ತದೆ. ಮರವನ್ನು ಗಿಡ್ಡ ಮಾಡಿದರೆ ಸೈನಿಕರು ದೈತ್ಯರಂತೆ ಕಾಣುತ್ತಾರೆ. ಬಯಲು ಸೀಮೆಯ ಯುದ್ಧ ಆಡುವವರಿಗೆ ಈ ತೊಂದರೆ ಇಷ್ಟು ಬರುವುದಿಲ್ಲ. ಮಲೆನಾಡಿನಲ್ಲಿ ಮರವೇ ನೆಲ, ಅದನ್ನು ಬಿಟ್ಟು ಘಾಟಿ ಮಾಡಲು ಆಗುವುದಿಲ್ಲ.

ಮಳೆ

ಜೂನ್ ಎರಡನೇ ವಾರದವರೆಗೆ 26 ಗೊಂಬೆ ಮುಗಿದಿದ್ದವು. ಒಂದಕ್ಕೆ ಮೂರು ಗಂಟೆ ಹಿಡಿಯುತ್ತಿತ್ತು. ಕೊನೆಯ ರಕ್ಷಣೆಗೆಂದು ಹೊಳಪಿಲ್ಲದ ವಾರ್ನಿಷ್ ಸ್ಪ್ರೇ ಹೊಡೆದು ಮಲಗಿದೆವು. ಬೆಳಿಗ್ಗೆ ಕೆಂಪು ಕೋಟುಗಳ ಮೇಲೆಲ್ಲ ಬೂದಿ ಚೆಲ್ಲಿದ ಹಾಗೆ ಬಿಳಿ ಪೊರೆ. ಹುಡುಗ ಒಂದನ್ನು ಎತ್ತಿ ಬೆರಳಿನಿಂದ ಉಜ್ಜಿದ. ಹೋಗಲಿಲ್ಲ.

"ಮಾವ, ಇದು ಹೋಗುತ್ತಾ?"

"ಗೊತ್ತಿಲ್ಲ ಕಣೋ. ಉಜ್ಜಬೇಡ, ಇಟ್ಟುಬಿಡು."

ಆ ವಾರ ತೇವಾಂಶದ ಮೀಟರ್ ತಂದು ಇಟ್ಟೆವು. ಬಾಗಿಲು ಮುಚ್ಚಿದ ಕೋಣೆಯಲ್ಲೇ 88 ತೋರಿಸಿತು. ಸ್ಪ್ರೇಯ ದ್ರಾವಕ ಬಹಳ ಬೇಗ ಆವಿಯಾಗುತ್ತದೆ. ಆವಿಯಾಗುವಾಗ ಗೊಂಬೆಯ ಮೈ ತಣ್ಣಗಾಗುತ್ತದೆ. ತಣ್ಣನೆಯ ಮೈ ಮೇಲೆ ಗಾಳಿಯ ನೀರು ಇಬ್ಬನಿಯ ಹಾಗೆ ಕೂರುತ್ತದೆ. ಒಣಗುತ್ತಿರುವ ವಾರ್ನಿಷಿನ ಒಳಗೆ ಆ ನೀರು ಸಿಕ್ಕಿಹಾಕಿಕೊಂಡು ಸಣ್ಣ ಸಣ್ಣ ತೂತು ಬಿಡುತ್ತದೆ. ಬೆಳಕು ಅಲ್ಲಿ ಚದುರಿ ನಮಗೆ ಬಿಳಿ ಕಾಣುತ್ತದೆ. ಬಣ್ಣ ಕೆಟ್ಟಿರುವುದಿಲ್ಲ, ಮುಸುಕು ಬಿದ್ದಿರುತ್ತದೆ. ಇದು ತಿಳಿದ ಮೇಲೆ ಹೊಳಪಿನ ವಾರ್ನಿಷನ್ನು ಬ್ರಷ್‌ನಲ್ಲಿ ತೆಳುವಾಗಿ ಹಚ್ಚಿದೆವು. ಅದು ತೂತುಗಳನ್ನು ತುಂಬಿತು. 26ರಲ್ಲಿ 19 ಗೊಂಬೆಗಳು ಬಹುತೇಕ ಮೊದಲಿನ ಹಾಗಾದವು. ಏಳು ಆಗಲಿಲ್ಲ.

ಎಂಡಿಎಫ್ ಬಿಲ್ಲೆಗಳು ಅಂಚಿನಲ್ಲಿ ಉಬ್ಬಿದವು. ಅದು ಒತ್ತಿ ಮಾಡಿದ ಮರದ ನಾರು, ನೀರು ಕುಡಿದರೆ ಹಿಗ್ಗುತ್ತದೆ. ಹುಲ್ಲಿಗೆಂದು ಬಣ್ಣ ಹಾಕಿ ಅಂಟಿಸಿದ ಮರದ ಹೊಟ್ಟಿನ ಮೇಲೆ ಬೂಸ್ಟು ಬಂತು. ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸೋಣ ಎಂದು ಆರು ಗೊಂಬೆ ಇಟ್ಟೆವು. ಹೊಗೆ ಹಿಡಿಯಿತು. ಸೂಪರ್ ಗ್ಲೂ ಮಾತ್ರ ಮಳೆಯಲ್ಲಿ ಚುರುಕಾಯಿತು. ಆ ಅಂಟು ಗಟ್ಟಿಯಾಗುವುದೇ ಗಾಳಿಯ ತೇವದಿಂದ. ಕೈ ಸರಿಯಾದ ಕೋನದಲ್ಲಿ ಕೂರಿಸುವ ಮೊದಲೇ ಹಿಡಿದುಬಿಡುತ್ತಿತ್ತು, ಸುತ್ತ ಬಿಳಿ ಕಲೆ ಬಿಡುತ್ತಿತ್ತು.

ಒಂದು ಒಳ್ಳೆಯದೂ ಆಯಿತು, ಅದನ್ನು ಬಿಡಬಾರದು. ಒಣ ಹವೆಯ ಊರುಗಳಲ್ಲಿ ಅಕ್ರಿಲಿಕ್ ಬಣ್ಣ ತಟ್ಟೆಯಲ್ಲೇ ಒಣಗುತ್ತದೆ ಎಂದು ಒದ್ದೆ ಸ್ಪಂಜು, ಕಾಗದ ಹಾಸಿ ಅದರ ಮೇಲೆ ಬಣ್ಣ ಇಟ್ಟುಕೊಳ್ಳುತ್ತಾರೆ. ನಮಗೆ ಜುಲೈನಲ್ಲಿ ಅದು ಬೇಕಾಗಲೇ ಇಲ್ಲ. ಎರಡು ಬಣ್ಣ ಹಸಿಯಾಗಿರುವಾಗಲೇ ಒಂದರೊಳಗೊಂದು ಬೆರೆಸಿ ನೆರಳು ತರುವುದನ್ನು ಮೇಷ್ಟ್ರು ನನಗೆ ಕಲಿಸಿದ್ದು ಆ ತಿಂಗಳಲ್ಲೇ. ಬಿಸಿಲುಗಾಲದಲ್ಲಿ ಅಷ್ಟು ಸಮಯ ಸಿಗುತ್ತಿರಲಿಲ್ಲ.

ಜುಲೈ ಮೊದಲ ಭಾನುವಾರ ನಾಲ್ವರೂ ಕೂತೆವು. 144ರಲ್ಲಿ 26 ಮುಗಿದಿದೆ. ಉಳಿದ 118ಕ್ಕೆ 354 ಗಂಟೆ ಬೇಕು. ಮೇಜು ಸಾಲದು, ಮರ ಬೀಳುತ್ತದೆ, ಕೈ ಮುರಿಯುತ್ತದೆ. ಒಂದೊಂದು ತೊಂದರೆಗೂ ಒಂದೊಂದು ಮದ್ದು ಹುಡುಕುತ್ತಿದ್ದೆವು. ಆವತ್ತು ಮೇಷ್ಟ್ರು ಕೇಳಿದ ಪ್ರಶ್ನೆ ಎಲ್ಲವನ್ನೂ ತಿರುಗಿಸಿತು. "ಆಟ ಆಡುವಾಗ ಗೊಂಬೆ ನಮ್ಮ ಕಣ್ಣಿಗೆ ಎಷ್ಟು ದೂರ ಇರುತ್ತೆ?"

ಅಳೆದೆವು. ನಿಂತು ಮೇಜು ನೋಡಿದರೆ ಹತ್ತಿರ ಹತ್ತಿರ 80 ಸೆಂ.ಮೀ. ಅದನ್ನು 56ರಿಂದ ಗುಣಿಸಿದರೆ 45 ಮೀಟರ್. 45 ಮೀಟರ್ ದೂರದಲ್ಲಿ ಗದ್ದೆಯ ಆಚೆ ಬದುವಿನ ಮೇಲೆ ನಿಂತವನ ಮೀಸೆ ನಮಗೆ ಕಾಣುತ್ತದೆಯೇ? ಪೇಟದ ಬಣ್ಣ ಕಾಣುತ್ತದೆ, ನಿಂತ ಭಂಗಿ ಕಾಣುತ್ತದೆ. ಗುಂಡಿ ಕಾಣುವುದಿಲ್ಲ. ನಾವು ಮೂರು ಗಂಟೆ ಕೂತು ಬಿಡಿಸಿದ್ದರಲ್ಲಿ ಎರಡು ಗಂಟೆಯ ಕೆಲಸ ಆಟದಲ್ಲಿ ಯಾರಿಗೂ ಕಾಣುತ್ತಿರಲಿಲ್ಲ. 28 ಮಿ.ಮೀ. ಗೊಂಬೆ ಕೈಯಲ್ಲಿ ಹಿಡಿದು ನೋಡುವ ಗೊಂಬೆ. ಅದರಲ್ಲಿ ತಪ್ಪೇನೂ ಇಲ್ಲ. ನಮಗೆ ಬೇಕಿದ್ದದ್ದು ದೂರದಿಂದ ಸೈನ್ಯವಾಗಿ ಕಾಣುವ ಗೊಂಬೆ.

15 ಮಿ.ಮೀ. ಹೆಚ್ಚುಕಡಿಮೆ ನೂರನೇ ಒಂದು ಪಾಲು. ಲೆಕ್ಕಕ್ಕೂ ಸುಲಭ, ಒಂದು ಸೆಂಟಿಮೀಟರಿಗೆ ಒಂದು ಮೀಟರ್. ಅಡಿಕೆ ಮರ 15 ಸೆಂ.ಮೀ. ಆಗುತ್ತದೆ, ನಿಲ್ಲುತ್ತದೆ. ಮೇಜು 183 ಮೀಟರ್ ಆಗುತ್ತದೆ. ಎತ್ತರ ಅರ್ಧಕ್ಕೆ ಇಳಿದರೆ ತೂಕ ಅರ್ಧವಷ್ಟೇ ಆಗುವುದಿಲ್ಲ. ಉದ್ದ, ಅಗಲ, ದಪ್ಪ ಮೂರೂ ಕುಗ್ಗುವುದರಿಂದ ಬೇಕಾಗುವ ವಸ್ತು ಆರೂವರೆ ಪಾಲು ಕಡಿಮೆ. ಲೋಹದಲ್ಲೇ ಮಾಡಿಬಿಡಬಹುದಲ್ಲ ಎಂದು ಹೊಳೆದದ್ದು ಈ ಲೆಕ್ಕದಿಂದ.

ಗಂಧದ ಚೂರು, ಸಕ್ಕರೆ ಅಚ್ಚು

ಸಾಗರ, ಸೊರಬದ ಗುಡಿಗಾರರ ಕೆತ್ತನೆ ಕೆಲಸ ಎಲ್ಲರಿಗೂ ಗೊತ್ತು. ಮೇಷ್ಟ್ರಿಗೆ ಪರಿಚಯವಿದ್ದ ಒಬ್ಬ ಹಿರಿಯರ ಮನೆಗೆ ಹೋದೆವು. ಗೊಂಬೆ ತೋರಿಸಿ, ಇಷ್ಟು ಎತ್ತರದ ಸಿಪಾಯಿಯ ಮೂಲ ಕೆತ್ತಿ ಕೊಡುತ್ತೀರಾ, ಅದರಿಂದ ಅಚ್ಚು ತೆಗೆಯುತ್ತೇವೆ ಎಂದು ಕೇಳಿದೆ. ಅವರು ನಮ್ಮ ರೆಸಿನ್ ಸಿಪಾಯಿಯನ್ನು ಕನ್ನಡಕ ತೆಗೆದು ಹತ್ತಿರದಿಂದ ನೋಡಿದರು. ಆಮೇಲೆ ಕೈ ಚಾಚಿ ದೂರ ಹಿಡಿದು ನೋಡಿದರು.

"ತಮ್ಮಾ, ಇದ್ರ ತಲೆ ಸರಿ ಇದೆ. ಅದಕ್ಕೇ ಕಾಣ್ತಿಲ್ಲ."

"ಅಂದ್ರೆ ಅಜ್ಜಾ?"

"ದೇವಸ್ಥಾನದ ಮೇಲಿನ ಗೊಂಬೆ ನೋಡಿದೀಯಲ? ಕೆಳಗಿಂದ ನೋಡೋರಿಗೆ ಕಾಣ್ಬೇಕು ಅಂತ ಮುಖ ದೊಡ್ಡ ಇಡ್ತೇವೆ. ಸಣ್ಣದಕ್ಕೂ ಅದೇ ಲೆಕ್ಕ. ತಲೆ ಸ್ವಲ್ಪ ಜಾಸ್ತಿ, ಕೈ ಜಾಸ್ತಿ. ಕಾಲು ದಪ್ಪ. ಇಲ್ದಿದ್ರೆ ನಿಲ್ಲೂದೂ ಇಲ್ಲ, ಕಾಣೂದೂ ಇಲ್ಲ ಮಾರಾಯ."

ಹೀರೋಯಿಕ್ ಅಳತೆಯ ಬಗ್ಗೆ ನಾನು ತಿಂಗಳುಗಟ್ಟಲೆ ಓದಿದ್ದನ್ನು ಅವರು ಒಂದು ನಿಮಿಷದಲ್ಲಿ ಹೇಳಿದರು. ಕೆತ್ತನೆಯ ಮೇಲೆ ಉಳಿದ ಗಂಧದ ಚೂರುಗಳಲ್ಲಿ ಮೂರು ಮೂಲ ಮಾಡಿಕೊಟ್ಟರು. ನಡೆಯುವ ಕಂಪನಿ ಸಿಪಾಯಿ, ಕೋವಿ ಗುರಿ ಹಿಡಿದ ಮೈಸೂರಿನವನು, ಈಟಿ ಹಿಡಿಯಲು ಖಾಲಿ ಮುಷ್ಟಿ ಇರುವ ಇನ್ನೊಬ್ಬ. ಗಂಧದ ಎಳೆ ಬಹಳ ನಯ, ಅದಕ್ಕೇ ಇಷ್ಟು ಸಣ್ಣದರಲ್ಲೂ ಪೇಟದ ಸುತ್ತು ಬಂತು. ದಪ್ಪ ಎಳೆಯ ಮರದಲ್ಲಿ ಎಳೆಯೇ ಪೇಟಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಅಚ್ಚಿನ ದಾರಿ ತೋರಿಸಿದ್ದು ನನ್ನ ಅಮ್ಮ. ನಾವು ಸಿಲಿಕೋನ್ ಡಬ್ಬ ಹಿಡಿದು ಎಲ್ಲಿಂದ ಸುರಿಯುವುದು, ಗಾಳಿ ಎಲ್ಲಿಂದ ಹೋಗುವುದು ಎಂದು ತಲೆ ಕೆಡಿಸಿಕೊಂಡಿದ್ದೆವು. ಅಮ್ಮ ಒಳಗಿನಿಂದ ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮರ ತಂದು ಮುಂದಿಟ್ಟರು. ಎರಡು ಹೋಳು, ಜೋಡಿಸಿ ದಾರ ಕಟ್ಟಿ ಮೇಲಿನಿಂದ ಪಾಕ ಸುರಿಯುತ್ತಾರೆ. ಆನೆ, ಗಿಳಿ, ಬೃಂದಾವನ ಎಲ್ಲವೂ ಪಕ್ಕಕ್ಕೆ ತಿರುಗಿ ನಿಂತಿರುತ್ತವೆ, ಗಮನಿಸಿದ್ದೀರಾ? ಸೊಂಡಿಲು ಮುಂದಕ್ಕೆ ಚಾಚಿರುತ್ತದೆ, ಆದರೆ ಯಾವತ್ತೂ ನಮ್ಮ ಕಡೆ ಚಾಚಿರುವುದಿಲ್ಲ. ಚಾಚಿದರೆ ಹೋಳು ಬಿಚ್ಚುವಾಗ ಮುರಿಯುತ್ತದೆ.

ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಕಲ್ಲಿನ ಅಚ್ಚಿನಲ್ಲಿ ಎರೆಯುತ್ತಿದ್ದ ತವರದ ಸೈನಿಕರು ಪೂರ್ತಿ ಚಪ್ಪಟೆ ಇದ್ದದ್ದೂ ಹೀಗೇ. ಕಲ್ಲು ಬಾಗುವುದಿಲ್ಲ. 1893ರಲ್ಲಿ ಇಂಗ್ಲೆಂಡಿನ ಬ್ರಿಟನ್ಸ್ ಕಂಪನಿ ಟೊಳ್ಳು ಎರಕ ತಂದಿತು. ಕರಗಿದ ಲೋಹ ಸುರಿದು, ಹೊರಗಿನ ಪದರ ಗಟ್ಟಿಯಾದ ಕೂಡಲೇ ಒಳಗಿನದ್ದನ್ನು ಹೊರಕ್ಕೆ ಚೆಲ್ಲುವುದು. ಲೋಹ ಉಳಿಯಿತು, ಬೆಲೆ ಇಳಿಯಿತು. ಈಗಿನ ಪ್ಲಾಸ್ಟಿಕ್ ಗೊಂಬೆಗಳು ಕೈ, ತಲೆ ಬಿಡಿಬಿಡಿಯಾಗಿ ಕಡ್ಡಿಗೆ ಅಂಟಿಕೊಂಡು ಬರುವುದಕ್ಕೂ ಇದೇ ಕಾರಣ. ಉಕ್ಕಿನ ಅಚ್ಚು ಒಂದಿಷ್ಟೂ ಬಾಗುವುದಿಲ್ಲ, ಸೊಂಡಿಲನ್ನು ಬೇರೆ ಮಾಡಿ ಆಮೇಲೆ ಅಂಟಿಸಬೇಕು. ಸಿಲಿಕೋನ್ ಸ್ವಲ್ಪ ಬಾಗುತ್ತದೆ. ಅಷ್ಟು ಸಲಿಗೆ ನಮಗೆ ಸಿಕ್ಕಿತು. ಆದರೂ ಗುರಿ ಹಿಡಿದ ಸಿಪಾಯಿಯ ಕೋವಿಯನ್ನು ಅಜ್ಜ ಎದೆಗೆ ಅಂಟಿಸಿಯೇ ಕೆತ್ತಿದ್ದರು. ಅಚ್ಚಿನ ವಿಷಯ ನಾವು ಅವರಿಗೆ ಹೇಳಿದ್ದು ಒಂದೇ ಸಲ.

ಸೀಸ ಬೇಡ ಎಂದು ಮೊದಲೇ ತೀರ್ಮಾನ ಮಾಡಿದ್ದೆವು. ಮನೆಯಲ್ಲಿ ಮಕ್ಕಳಿದ್ದಾರೆ, ಸೀಸ ವಿಷ. ಇನ್ನೊಂದು ಕಾರಣ ನಮ್ಮ ಹವೆಯದ್ದು. ಮರದ, ಪ್ಲೈವುಡ್ಡಿನ ಬೀರುವಿನೊಳಗೆ ಹುಳಿ ಆವಿ ಕೂರುತ್ತದೆ. ತೇವ ಜೊತೆಗೆ ಸೇರಿದರೆ ಸೀಸ ನಿಧಾನಕ್ಕೆ ಬಿಳಿ ಪುಡಿಯಾಗುತ್ತದೆ. ಹಳೆಯ ಸೀಸದ ಸೈನಿಕರನ್ನು ಕೂಡಿಟ್ಟವರು ಇದಕ್ಕೆ ಬಹಳ ಹೆದರುತ್ತಾರೆ. ನಾವು ಬಳಸಿದ್ದು ಸೀಸವಿಲ್ಲದ ಬೆಸುಗೆ ತವರ. ನೂರಕ್ಕೆ 99.3 ತವರ, ಉಳಿದದ್ದು ತಾಮ್ರ. 227 ಡಿಗ್ರಿಗೆ ಕರಗುತ್ತದೆ. ಅಡುಗೆಯ ಪಾತ್ರೆ ಬಳಸಲಿಲ್ಲ, ಬೇರೆ ಸೌಟು ಇಟ್ಟೆವು. ಕನ್ನಡಕ, ಚರ್ಮದ ಕೈಗವಸು, ಮುಚ್ಚಿದ ಬೂಟು ಇಲ್ಲದೆ ಯಾರನ್ನೂ ಒಲೆ ಹತ್ತಿರ ಬಿಡಲಿಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಆಗಸ್ಟಿನ ಮೊದಲ ದಿನ ಎರಕ ಹೊಯ್ದಾಗ ಅಚ್ಚಿನೊಳಗೆ ಇಬ್ಬನಿಯಷ್ಟು ತೇವ ಇತ್ತು. ಕಣ್ಣಿಗೆ ಕಾಣುವಷ್ಟೂ ಇರಲಿಲ್ಲ. ಲೋಹ ಬಿದ್ದ ಕೂಡಲೇ ನೀರು ಆವಿಯಾಗಿ ಉಕ್ಕಿತು. ತವರದ ಹನಿಗಳು ನನ್ನ ಕನ್ನಡಕಕ್ಕೆ ಹಾರಿದವು. ಆವತ್ತಿನಿಂದ ಅಚ್ಚನ್ನು ಒಂದು ಗಂಟೆ ಬಿಸಿ ಪೆಟ್ಟಿಗೆಯಲ್ಲಿಟ್ಟು ಒಣಗಿಸಿಯೇ ಸುರಿದೆವು. ಪೆಟ್ಟಿಗೆ ಅಂದರೆ ಹಳೆಯ ಟ್ರಂಕು, ಒಳಗೆ ಒಂದು 40 ವ್ಯಾಟಿನ ಬಲ್ಬು. ಅಚ್ಚಿನ ಒಳಮೈಗೆ ಟಾಲ್ಕಂ ಪೌಡರ್ ಉದುರಿಸಿ ಊದಿದರೆ ಲೋಹ ಸಣ್ಣ ಸಂದಿಗೂ ಹರಿಯುತ್ತದೆ. ಪೌಡರನ್ನೂ ಅದೇ ಟ್ರಂಕಿನಲ್ಲಿ ಇಡಬೇಕಾಯಿತು, ಇಲ್ಲದಿದ್ದರೆ ಗಂಟು ಕಟ್ಟುತ್ತಿತ್ತು.

ಮೊದಲ ದಿನ 40 ಎರಕದಲ್ಲಿ 17 ಪೂರ್ತಿ ಬಂದವು. ಉಳಿದವರಿಗೆ ಕೋವಿಯ ತುದಿ ಇಲ್ಲ, ಕೆಲವರಿಗೆ ಪಾದ ಇಲ್ಲ. ಅವರನ್ನೆಲ್ಲ ವಾಪಸ್ ಸೌಟಿಗೆ ಹಾಕಿದೆವು. ಇದು ನನಗೆ ತವರದಲ್ಲಿ ತುಂಬಾ ಹಿಡಿಸಿದ ಗುಣ. ಮುರಿದ ರೆಸಿನ್ ಕಸ. ಕೆಟ್ಟ ತವರ ಮತ್ತೆ ಸಿಪಾಯಿಯಾಗುತ್ತದೆ. ಗಾಳಿ ಹೋಗಲು ಕೋವಿಯ ತುದಿಯಿಂದ ಕೂದಲಿನಷ್ಟು ಸಣ್ಣ ಗೀರು ಕೊಯ್ದ ಮೇಲೆ ಹತ್ತಕ್ಕೆ ಎಂಟು ಸರಿಯಾಗಿ ಬಂದವು. ಸೆಪ್ಟೆಂಬರ್ ಮಧ್ಯದಲ್ಲಿ 144 ಸಿಪಾಯಿಗಳು ಮುಗಿದರು. ಒಬ್ಬೊಬ್ಬನ ತೂಕ ಸುಮಾರು 3 ಗ್ರಾಂ. ಇಡೀ ಸೈನ್ಯ ಅರ್ಧ ಕಿಲೋಗಿಂತ ಕಡಿಮೆ.

ಈಟಿ ಎರಕದಲ್ಲಿ ಬರುವುದಿಲ್ಲ ಎಂದು ಗೊತ್ತಿತ್ತು. 3 ಸೆಂ.ಮೀ. ದಪ್ಪದ ಈಟಿ ಹಿಡಿಕೆ ಈ ಅಳತೆಯಲ್ಲಿ 0.3 ಮಿ.ಮೀ. ಪಕ್ಕದ ಮನೆಯ ಸಂಗೀತ ಮೇಷ್ಟ್ರು ತಂಬೂರಿಯ ತುಂಡಾದ ಉಕ್ಕಿನ ತಂತಿ ಕೊಟ್ಟರು. ವರ್ನಿಯರ್‌ನಲ್ಲಿ ಅಳೆದರೆ 0.3. ಸುಮ್ನೆ ಕತ್ತರಿಸಿ ಮುಷ್ಟಿಗೆ ಅಂಟಿಸಿದೆವು. ಬಾಗಿದರೂ ಮುರಿಯುವುದಿಲ್ಲ. ಮೈಸೂರಿನ ರಾಕೆಟ್ಟಿನ ಬಿದಿರು ಗಳಕ್ಕೂ ಅದೇ ತಂತಿ.

ಬಣ್ಣ

ಇಲ್ಲಿ ನನ್ನ ಅಭ್ಯಾಸವನ್ನೇ ಬದಲಿಸಬೇಕಾಯಿತು. 80 ಸೆಂ.ಮೀ. ದೂರದಿಂದ ನೋಡಿದರೆ 15 ಮಿ.ಮೀ. ಸಿಪಾಯಿ 80 ಮೀಟರ್ ಆಚೆ ನಿಂತ ಮನುಷ್ಯ. ಆ ದೂರದಲ್ಲಿ ಬಣ್ಣ ಒಂದರೊಳಗೊಂದು ಕಲೆಸಿ ಮಂಕಾಗುತ್ತದೆ. ಹಾಗಾಗಿ ನಿಜವಾದ ಕೆಂಪು ಹಚ್ಚಿದರೆ ಕಪ್ಪಾಗಿ ಕಾಣುತ್ತದೆ. ಒಂದು ಹನಿ ಬಿಳಿ ಬೆರೆಸಿ ತಿಳಿ ಮಾಡಬೇಕು. ಕೋಟಿಗೂ ಬಿಳಿ ಪಟ್ಟಿಗೂ ನಡುವೆ ಕಪ್ಪು ಗೆರೆ ಬಿಡಬೇಕು, ಆಗ ಎರಡೂ ಬೇರೆ ಬೇರೆ ಕಾಣುತ್ತವೆ. ಸಾಗರದ ಕಡೆ ದೀವರ ಮನೆಗಳ ಹಸೆ ಚಿತ್ತಾರದಲ್ಲಿ ಪುಂಡಿ ನಾರಿನ ಕುಂಚದಿಂದ ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ ಎಳೆಯುತ್ತಾರಲ್ಲ, ಅದನ್ನು ನೆನಪಿಸಿಕೊಳ್ಳಿ. ಮಬ್ಬು ಬೆಳಕಿನ ಒಳಗೋಡೆಯ ಮೇಲೂ ಎದ್ದು ಕಾಣುತ್ತದೆ. ಅಲ್ಲಿ ನೆರಳಿಲ್ಲ, ಇರುವುದು ಗೆರೆ ಮಾತ್ರ. ಮೇಷ್ಟ್ರು ನನಗೆ ಅದನ್ನೇ ಮಾಡು ಅಂದರು. ಮೊದಲು ಇಡೀ ಗೊಂಬೆಗೆ ಕಪ್ಪು, ಆಮೇಲೆ ಉಬ್ಬಿದ ಜಾಗಕ್ಕೆ ಮಾತ್ರ ಬಣ್ಣ. ಕಣ್ಣು ಬಿಡಿಸಲಿಲ್ಲ. ಪೇಟದ ಕೆಳಗೆ ಕಂದು ಬಣ್ಣದ ಒಂದು ಚುಕ್ಕಿ ಇಟ್ಟರೆ ಮುಖ. ಮೈಸೂರಿನವರ ಬಟ್ಟೆಯ ಹುಲಿ ಪಟ್ಟೆಗೆ ಒಬ್ಬೊಬ್ಬನಿಗೆ ಐದೇ ಗೀಟು. ಐದಕ್ಕಿಂತ ಜಾಸ್ತಿ ಹಾಕಿದರೆ ಬೂದು ಬಣ್ಣವಾಗಿ ಕಾಣುತ್ತಿತ್ತು.

ಒಬ್ಬನಿಗೆ 25 ನಿಮಿಷ. 144 ಜನಕ್ಕೆ ಬರೀ 60 ಗಂಟೆ. ವಾರ್ನಿಷನ್ನು ಸ್ಪ್ರೇ ಮಾಡಲಿಲ್ಲ. ನೀರಿನ ವಾರ್ನಿಷನ್ನು ಬ್ರಷ್‌ನಲ್ಲಿ ಹಚ್ಚಿ ಬಲ್ಬಿನ ಟ್ರಂಕಿನಲ್ಲಿ ಒಣಗಿಸಿದೆವು. ಬಿಲ್ಲೆಗಳನ್ನು ನಾಮಫಲಕ ಮಾಡುವ ಅಂಗಡಿಯಲ್ಲಿ ಉಳಿದ ಅಕ್ರಿಲಿಕ್ ಚೂರುಗಳಲ್ಲಿ ಕತ್ತರಿಸಿಕೊಂಡೆವು. ನೀರು ಕುಡಿಯುವುದಿಲ್ಲ.

ನೆಲಕ್ಕೆ ಜಂಬಿಟ್ಟಿಗೆ ಪುಡಿ. ಸಾಗರದ ಮಣ್ಣಿನ ಬಣ್ಣ ಬೇರೆ ಯಾವ ಬಣ್ಣದ ಡಬ್ಬದಲ್ಲೂ ಸಿಗುವುದಿಲ್ಲ. ಮೊದಲ ಸಲ ಹಾಗೇ ಉದುರಿಸಿದಾಗ ಸಿಪಾಯಿಗಳು ಬಂಡೆಗಳ ನಡುವೆ ನಿಂತ ಹಾಗಿತ್ತು. 1 ಮಿ.ಮೀ. ಕಾಳು ಈ ಅಳತೆಯಲ್ಲಿ 10 ಸೆಂ.ಮೀ. ಕಲ್ಲು. ಪಂಚೆಯ ಬಟ್ಟೆಯಲ್ಲಿ ಸೋಸಿ, ಬಾಣಲೆಯಲ್ಲಿ ಹುರಿದು, ಸ್ವಲ್ಪ ಸುಣ್ಣದ ಪುಡಿ ಬೆರೆಸಿ ತಿಳಿ ಮಾಡಿದ ಮೇಲೆ ಸರಿಯಾಯಿತು. ಅಡಿಕೆ ಮರಗಳು ಪೊರಕೆ ಕಡ್ಡಿಯವು, 62 ಮರ. ಬೆಟ್ಟವನ್ನು ಮಾತ್ರ ಅಳತೆಗೆ ಮಾಡಲಿಲ್ಲ. ಥರ್ಮಾಕೋಲ್ ಪದರಗಳಲ್ಲಿ 40 ಸೆಂ.ಮೀ. ಎತ್ತರಕ್ಕೆ ನಿಲ್ಲಿಸಿದೆವು.

ಜಗಲಿ

ನವೆಂಬರಿನ ಎರಡನೇ ಭಾನುವಾರ ಅಜ್ಜನ ಮನೆಯ ಜಗಲಿಯಲ್ಲೇ ಆಡಿದೆವು. ಅವರು ನೋಡಬೇಕು ಅಂದಿದ್ದರು. ಆಟ ನಾಲ್ಕು ಗಂಟೆ ನಡೆಯಿತು. ಕಂಪನಿಯವರು ಮೂರನೇ ತಿರುವಿನಲ್ಲಿ ಸಿಕ್ಕಿಬಿದ್ದರು. ಹುಡುಗ ಮೈಸೂರಿನ ಕಡೆ ಇದ್ದ, ರಾಕೆಟ್ ದಾಳ ಎರಡು ಸಲ ಆರು ಬಿತ್ತು. ಕಾಡಿನೊಳಗೆ ಸಿಪಾಯಿಗಳನ್ನು ಹುಡುಕಲು ಸ್ವಲ್ಪ ಕಷ್ಟವಾಯಿತು. ಘಾಟಿಯಲ್ಲಿ ಅದು ಹಾಗೇ ಇರಬೇಕಲ್ಲ ಎಂದು ಮೇಷ್ಟ್ರು ಖುಷಿಪಟ್ಟರು. ಸೈನ್ಯ ಸೈನ್ಯದ ಹಾಗೆ ಕಂಡಿತು. ಮೂವರು ನಾಲ್ವರು ಸಿಪಾಯಿಗಳು ಉರುಳಿ ಬಿದ್ದರೂ ಯಾವ ಕೈಯೂ ಮುರಿಯಲಿಲ್ಲ. ಬಾಗಿದ ಎರಡು ಈಟಿಗಳನ್ನು ಬೆರಳಲ್ಲೇ ನೆಟ್ಟಗೆ ಮಾಡಿದೆವು.

ಅಜ್ಜ ಮೆಟ್ಟಿಲ ಮೇಲೆ ಕೂತು ದೂರದಿಂದಲೇ ನೋಡುತ್ತಿದ್ದರು. ಮುಗಿದ ಮೇಲೆ ಹತ್ತಿರ ಬಂದು ಒಬ್ಬ ಸಿಪಾಯಿಯನ್ನು ಎತ್ತಿ ತಿರುಗಿಸಿ ನೋಡಿದರು. "ಬೆನ್ನಿಗೆ ಒಂದು ಚೀಲ ಕೆತ್ಬಹುದಿತ್ತು" ಅಂದರು. ನಾಲ್ಕನೇ ಮೂಲ ಈಗ ಅವರ ಕೈಯಲ್ಲಿದೆ.

28 ಮಿ.ಮೀ.ಯ 26 ಗೊಂಬೆಗಳನ್ನು ಎಸೆಯಲಿಲ್ಲ. ಒಬ್ಬೊಬ್ಬ ಸಿಪಾಯಿಗೂ ಒಂದೊಂದು ಹೆಸರು, ಒಂದೊಂದು ಗುಣ ಕೊಟ್ಟು ಆಡುವ ಸಣ್ಣ ಆಟಗಳಿವೆ. ಅದಕ್ಕೆ ಒಂದು ಕಡೆಗೆ ಆರೇಳು ಜನ ಸಾಕು. ನಮ್ಮ ಕೇರಂ ಬೋರ್ಡಿನ 74 ಸೆಂ.ಮೀ. ಅಂಗಳ ಆ ಅಳತೆಯಲ್ಲಿ 41 ಮೀಟರ್, ಒಂದು ಮನೆ, ಅಂಗಳ, ಬಾವಿ ಹಿಡಿಸುವಷ್ಟು. ಹುಡುಗ ಅದನ್ನು ಕಟ್ಟುತ್ತಿದ್ದಾನೆ. ಮೀಸೆಗಳು ಅಲ್ಲಿ ಕಾಣುತ್ತವೆ, ಯಾಕೆಂದರೆ ಬೋರ್ಡಿನ ಮುಂದೆ ನೆಲದಲ್ಲಿ ಕೂತು ಬಗ್ಗಿ ಆಡುತ್ತೇವೆ.

ಬಿಳಿ ಪೊರೆ ಹೋಗದ ಏಳು ಗೊಂಬೆಗಳನ್ನೂ ಅವುಗಳ ಜೊತೆ ಐದು ತವರದವರನ್ನೂ ಬೇರೆ ಇಟ್ಟಿದ್ದೇನೆ. ಮೂರು ಬಗೆಯ ವಾರ್ನಿಷ್ ಹಚ್ಚಿ ಮೂರು ಕಡೆ ಹಂಚಿದ್ದೇನೆ. ನಾಲ್ಕು ಬೀರುವಿನಲ್ಲಿ, ನಾಲ್ಕು ಟ್ರಂಕಿನಲ್ಲಿ, ನಾಲ್ಕು ಕಿಟಕಿಯ ಹಲಗೆಯ ಮೇಲೆ. ಒಂದೊಂದರ ಅಡಿಯಲ್ಲೂ ತಾರೀಕು ಬರೆದಿದೆ. ಜೂನ್ ಬರಲಿ.